ಚರಣ ಬಿಟ್ಟರೆ ಏನು ಬಿಟ್ಟ ಹಾಗೆ?

ಹೋದ ವರ್ಷ ನಮ್ಮೂರಿನ (ಅಂದ್ರೆ ಈ ಪರದೇಶದ ನಮ್ಮೂರಿನ) ರಾಜ್ಯೋತ್ಸವದಲ್ಲಿ ಮಕ್ಕಳು ನಾಡಗೀತೆ ಹಾಡಿದರು. ಟೈಮ್ ಇಲ್ಲ ಅಂತ ಒಂದು ಚರಣಕ್ಕೆ ಕತ್ತರಿ ಬಿತ್ತು. ಪಂಪ, ರನ್ನ, ಜನ್ನ, ಲಕ್ಷ್ಮೀಶರ ಹೆಸರು ಬರುವ ಚರಣವೇ ಹೋಯ್ತು. "ಟ್ಯೂನ್ ಅದೇ ತಾನೇ, ಯಾರಿಗೂ ಗೊತ್ತಾಗಲ್ಲ ಬಿಡಿ" ಅಂದರು ಒಬ್ಬರು. ಸಿಟ್ಟು ಬಂತು. ಆದರೆ ಅವರ ಮಾತಿನಲ್ಲಿ ಅರ್ಧ ನಿಜವೂ ಇತ್ತು, ಯಾರಿಗೂ ಗೊತ್ತಾಗಲೇ ಇಲ್ಲ.

ಲಕ್ಷ್ಮೀಶ ಹೋಗಿದ್ದು ನನಗೆ ಜಾಸ್ತಿ ಚುಚ್ಚಿತು. ಪದ್ಯಕ್ಕೆ ಒಂದು ಅಚ್ಚು ಹಿಡಿದು, 'ಜೈಮಿನಿ ಭಾರತ'ವನ್ನು ವಾರ್ಧಕ ಷಟ್ಪದಿಯಲ್ಲೇ ಹೇಳಿದ ಕವಿ ಆತ. ಕುಮಾರವ್ಯಾಸ ಹಿಡಿದಿದ್ದು ಭಾಮಿನಿಯನ್ನು. ಲೆಕ್ಕ ಹಾಕೋದು ನನ್ನ ಕಸುಬು, ಹಾಗಾಗಿ ಮಾತ್ರೆ ಎಣಿಸಿದೆ. ಭಾಮಿನಿಯಲ್ಲಿ 14, 14, 23, ಮತ್ತೆ 14, 14, 23, ಒಟ್ಟು 102. ವಾರ್ಧಕದಲ್ಲಿ 20, 20, 32 ಎರಡು ಸಲ, ಒಟ್ಟು 144. ಸಾವಿರಾರು ಪದ್ಯ, ಒಂದೇ ಅಚ್ಚು. ಬೇಜಾರಾಗಬೇಕಿತ್ತು, ಆಗಲ್ಲ. ಕುಮಾರವ್ಯಾಸನಲ್ಲಿ ವಾಕ್ಯ ಸಾಲಿನ ಕೊನೆಗೆ ನಿಲ್ಲೋದೇ ಇಲ್ಲ, ಪದದ ನಡುವೆಯೇ ಸಾಲು ಮುರಿದು ಮುಂದಕ್ಕೆ ಹರಿಯುತ್ತೆ. ಉದ್ದನೆಯ ಮೂರನೇ ಸಾಲಿಗೆ ಬಂದಾಗಷ್ಟೇ ಉಸಿರು.

ಗಮಕಿಗಳು ಮಾಡೋದನ್ನು ಗಮನಿಸಿ. ತಾಳದ ಕಟ್ಟಿಲ್ಲ. ಶೋಕದ ಪದ್ಯಕ್ಕೆ ಒಂದು ರಾಗ, ರೋಷದ ಪದ್ಯಕ್ಕೆ ಇನ್ನೊಂದು. ಅಚ್ಚು ಅದೇ, ದನಿ ಬೇರೆ.

ನಮ್ಮ ಭಾವಗೀತೆ ಸಾಮಾನ್ಯವಾಗಿ ಇದರ ಉಲ್ಟಾ. ಬಿ.ಎಂ.ಶ್ರೀ ಅವರ 'ಇಂಗ್ಲಿಷ್ ಗೀತಗಳು' (1926) ಆದಮೇಲೆ ಕವಿಗಳು ಬಗೆಬಗೆಯ ಪದ್ಯಬಂಧ ಕಟ್ಟಿದರು. ಗಾಯಕರು ಬಹಳ ಸಲ ಮೊದಲ ಚರಣಕ್ಕೆ ಒಪ್ಪುವ ಧಾಟಿ ಮಾಡಿ, ಅದನ್ನೇ ಉಳಿದವಕ್ಕೂ ತೊಡಿಸಿದರು. ಮೂರನೇ ಚರಣದಲ್ಲಿ ಕವಿ ಮನಸ್ಸು ಬದಲಾಯಿಸಿದರೂ ಹಾಡಿಗೆ ಅದು ಗೊತ್ತಿಲ್ಲ! ಅಣ್ಣನ ಅಂಗಿ ತಮ್ಮನಿಗೆ ಹಾಕಿದ ಹಾಗೆ. ಕೇಳುವವರಿಗೆ ಚರಣಗಳೆಲ್ಲ ಒಂದೇ ಅನ್ನಿಸಿದರೆ ತಪ್ಪು ಅವರದ್ದಲ್ಲ.

ಹಾಗಂತ ಧಾಟಿಯನ್ನು ಬಯ್ಯೋಕೂ ಆಗಲ್ಲ. 'ನಿತ್ಯೋತ್ಸವ' ಕ್ಯಾಸೆಟ್ (1978) ಮನೆಮನೆಗೆ ಹೋಗಿದ್ದು, ಕನ್ನಡ ಓದೋಕೆ ಬಾರದ ನನ್ನ ಅಕ್ಕನ ಮಗಳ ಬಾಯಲ್ಲಿ ಇಡೀ ಪದ್ಯ ನಿಲ್ಲೋದು, ಎರಡೂ ಮರುಕಳಿಸುವ ಧಾಟಿಯಿಂದಲೇ. ಕಲಿಯುವವರಿಗೆ ಅದು ಊರುಗೋಲು. ಆದರೆ ಅದೇ ಧಾಟಿಯ ನೆಪದಲ್ಲಿ ಚರಣ ಕತ್ತರಿಸಿದರೆ ಮಾತ್ರ ನನಗೆ ತಕರಾರು.

ಹೋದ ಭಾನುವಾರ ಅವಳಿಗೆ ಆ ಚರಣವನ್ನು ಟ್ಯೂನ್ ಇಲ್ಲದೆ, ನಿಧಾನಕ್ಕೆ ಓದಿ ಹೇಳಿದೆ. "ಮಾಮ, ಇವರೆಲ್ಲಾ ಯಾರು?" ಅಂದಳು. ಹಾಡುವಾಗ ಒಂದು ಸಲವೂ ಕೇಳಿರಲಿಲ್ಲ. ಲಕ್ಷ್ಮೀಶನ ತನಕ ಬರೋಷ್ಟರಲ್ಲಿ ಊಟದ ಹೊತ್ತಾಯ್ತು.

ಕರ್ನಾಟಕ ಸರ್ಕಾರ 2022ರಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, ಏನೂ ಬಿಡದೆ, ಎರಡು ನಿಮಿಷ ಮೂವತ್ತು ಸೆಕೆಂಡಿನಲ್ಲಿ ನಾಡಗೀತೆ ಹಾಡಬೇಕು ಅಂತ ಆದೇಶ ಮಾಡಿದೆ. ಈ ನವೆಂಬರ್‌ಗೆ ನಮ್ಮ ಮಕ್ಕಳಿಗೆ ಸಿಕ್ಕಿರೋದು ಮೂರು ನಿಮಿಷ. ಆ ಚರಣ ವಾಪಸ್ ಬರಬೇಕು ಅಂತ ಮೇಲ್ ಹಾಕಿದ್ದೀನಿ.