ಆಡಿದ ಮಾತು, ಬರೆದಿಟ್ಟ ಲೆಕ್ಕ

ಬ್ಯಾಂಕಿನ ಖಾತೆಪುಸ್ತಕವನ್ನು ಓದಬಲ್ಲವನಿಗೆ ಖಾತೆದಾರನ ಮುಖ ನೋಡುವ ಅಗತ್ಯವಿಲ್ಲ. ಹಣ ಎಂದು ಬಂದಿತು, ಯಾರಿಗೆ ಸಂದಿತು, ಎಷ್ಟು ಸಲ ಸಂದಿತು ಎಂಬ ಅಂಕೆಗಳಿಂದಲೇ ಒಂದು ಸಂಸಾರದ ಸುಖದುಃಖಗಳನ್ನು ಊಹಿಸಬಹುದು. ದೂರವಾಣಿ ಕರೆಗಳ ದಾಖಲೆಯೂ ಅಂತಹದೇ ಒಂದು ಖಾತೆಪುಸ್ತಕ. ಯಾರು ಯಾರೊಡನೆ, ಯಾವ ಹೊತ್ತಿನಲ್ಲಿ, ಎಷ್ಟು ನಿಮಿಷ, ಯಾವ ಗೋಪುರದ ವ್ಯಾಪ್ತಿಯಿಂದ ಮಾತಾಡಿದರೆಂಬುದೆಲ್ಲ ಅದರಲ್ಲಿರುತ್ತದೆ. ಆಡಿದ ಮಾತೊಂದು ಮಾತ್ರ ಇರುವುದಿಲ್ಲ. ಮಾತಿನ ರಕ್ಷಣೆಗೆ ಭಾರತದ ನ್ಯಾಯಚಿಂತನೆ ತೋರಿದ ಕಾಳಜಿಯನ್ನು ಈ ಲೆಕ್ಕದ ರಕ್ಷಣೆಗೂ ತೋರಿದೆಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮಾತಿನ ರಕ್ಷಣೆಯ ಇತಿಹಾಸದಲ್ಲಿ ಮುಂಬಯಿಗೆ ವಿಶಿಷ್ಟ ಸ್ಥಾನವಿದೆ. ನಗರದ ಕಾರೋನರ್ ಆಗಿದ್ದ ಮಲ್ಕಾನಿಯವರ ಲಂಚದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1972ರಲ್ಲಿ ದೂರವಾಣಿ ಸಂಭಾಷಣೆಯ ಧ್ವನಿಮುದ್ರಣವನ್ನು ಸಾಕ್ಷ್ಯವೆಂದು ಒಪ್ಪಿತು. ನಿರಪರಾಧಿಯ ಸಂಭಾಷಣೆಗೆ ರಕ್ಷಣೆಯುಂಟು, ಅಪರಾಧಿಗಿಲ್ಲ ಎಂಬುದು ಆ ತೀರ್ಪಿನ ತಾತ್ಪರ್ಯ. ಈ ತರ್ಕ ನೋಟಕ್ಕೆ ನೇರವಾಗಿದ್ದರೂ ಒಳಗೆ ಶಿಥಿಲವಾಗಿದೆ. ಅಪರಾಧಿ ಯಾರೆಂಬುದು ತಿಳಿಯುವುದು ಕೇಳಿದ ಮೇಲೆ. ರಕ್ಷಣೆ ಬೇಕಾದುದು ಕೇಳುವ ಮೊದಲು.

ಈ ಕೊರತೆಯನ್ನು ಮುಂದಿನ ತೀರ್ಪುಗಳು ಬಹುಮಟ್ಟಿಗೆ ತುಂಬಿದವು. 1996ರಲ್ಲಿ ಸುಪ್ರೀಂ ಕೋರ್ಟು ಕದ್ದಾಲಿಕೆಗೆ ವಿಧಿವಿಧಾನಗಳನ್ನು ಗೊತ್ತುಪಡಿಸಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರ ಆಗಸ್ಟ್ 24ರಂದು 9 ನ್ಯಾಯಾಧೀಶರ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಆ ಬೆಳಕಿನಲ್ಲಿಯೇ 2019ರ ಅಕ್ಟೋಬರಿನಲ್ಲಿ ಮುಂಬಯಿ ಹೈಕೋರ್ಟು, ಬ್ಯಾಂಕ್ ಅಧಿಕಾರಿಯೊಬ್ಬರಿಗೆ ಲಂಚವಿತ್ತ ಆರೋಪ ಹೊತ್ತ ಉದ್ಯಮಿಯ ಮೇಲಿನ ಮೂರು ಕದ್ದಾಲಿಕೆಯ ಆಜ್ಞೆಗಳನ್ನು ರದ್ದುಗೊಳಿಸಿ, ಸಂಗ್ರಹಿಸಿದ ಸಂಭಾಷಣೆಗಳನ್ನು ನಾಶಪಡಿಸಲು ಹೇಳಿತು. ಆರೋಪಿಗೂ ಹಕ್ಕುಂಟೆಂಬ ಈ ನಿಲುವು ಮಲ್ಕಾನಿ ತೀರ್ಪಿಗೆ ಅದೇ ನಗರ ಕೊಟ್ಟ ಪ್ರೌಢ ಉತ್ತರವೆನ್ನಬಹುದು.

ಆದರೆ ಲೆಕ್ಕದ ಗತಿ ಬೇರೆ. ಕರೆಗಳ ದಾಖಲೆಯನ್ನು ಒಂದು ವರ್ಷ ಕಾದಿಡಬೇಕೆಂಬ ನಿಯಮವನ್ನು 2021ರ ಡಿಸೆಂಬರಿನಲ್ಲಿ ದೂರಸಂಪರ್ಕ ಇಲಾಖೆ ಎರಡು ವರ್ಷಕ್ಕೆ ಏರಿಸಿತು. ಇದು ಸಂಸತ್ತು ಚರ್ಚಿಸಿ ಮಾಡಿದ ಶಾಸನವಲ್ಲ; ಕಂಪೆನಿಗಳ ಪರವಾನಗಿಯ ಷರತ್ತಿನಲ್ಲಿ ಮಾಡಿದ ತಿದ್ದುಪಡಿ. ಕದ್ದಾಲಿಕೆ ಗೊತ್ತಾದ ಒಬ್ಬನ ಮೇಲೆ ನಡೆಯುತ್ತದೆ; ದಾಖಲೆ ಎಲ್ಲರ ಮೇಲೂ, ಯಾವ ಸಂದೇಹವೂ ಇಲ್ಲದೆ ಬೆಳೆಯುತ್ತದೆ. ಹಕ್ಕಿನ ಮೊಟಕಿಗೆ ಕಾನೂನಿನ ಆಧಾರ, ನ್ಯಾಯವಾದ ಉದ್ದೇಶ, ಉದ್ದೇಶಕ್ಕೆ ತಕ್ಕ ಪ್ರಮಾಣ ಈ ಮೂರೂ ಬೇಕೆಂದು 2017ರ ತೀರ್ಪು ಬಯಸಿತು. ಪರವಾನಗಿಯ ಷರತ್ತು ಈ ಪರೀಕ್ಷೆಯಲ್ಲಿ ಎಷ್ಟು ದೂರ ನಿಲ್ಲಬಲ್ಲದೆಂಬುದು ಸಂದೇಹಾಸ್ಪದ.

ಸಂಗ್ರಹವಿದ್ದಲ್ಲಿ ಸೋರಿಕೆಯೂ ಇರುತ್ತದೆ. ಕರೆ ದಾಖಲೆಗಳನ್ನು ಅಕ್ರಮವಾಗಿ ಪಡೆದು ಮಾರಿದ ಆರೋಪದ ಮೇಲೆ 2018ರಲ್ಲಿ ಠಾಣೆಯ ಪೊಲೀಸರು ಖಾಸಗಿ ಪತ್ತೇದಾರರನ್ನು ಬಂಧಿಸಿದ್ದರು. ಸಂದೇಹಪಡುವ ಪತಿಯೊಬ್ಬನ ಕೈಗೆ ಅಂತಹ ಹಾಳೆ ಸಿಕ್ಕರೆ, ಅದರಲ್ಲಿ ಮಾತಿಲ್ಲವೆಂಬ ಸಮಾಧಾನ ಯಾರಿಗೆ ಆಸರೆಯಾದೀತು?

ರಾಜ್ಯದ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. 2008ರ ನವೆಂಬರಿನ ದಾಳಿಯಲ್ಲಿ ದಾಳಿಕೋರರಿಗೂ ಗಡಿಯಾಚೆಯ ಸೂತ್ರಧಾರರಿಗೂ ನಡೆದ ಸಂಭಾಷಣೆಯನ್ನು ಆಲಿಸಿದುದು ಉಚಿತವೇ ಆಗಿತ್ತು. ಆದರೆ ಅಲ್ಲಿ ಕಣ್ಣೆದುರಿಗೆ ಆಪತ್ತಿತ್ತು, ಗುರುತಿಸಿದ ಗುರಿಯಿತ್ತು. ಎಲ್ಲರ ದಾಖಲೆಯನ್ನೂ ಸಾರಾಸಗಟಾಗಿ ಕಾದಿಡಿಸುತ್ತಿದ್ದ ಯುರೋಪಿನ ನಿರ್ದೇಶನವನ್ನು ಅಲ್ಲಿಯ ನ್ಯಾಯಾಲಯ 2014ರಲ್ಲಿ ಅಸಿಂಧುಗೊಳಿಸಿದುದು ಈ ವ್ಯತ್ಯಾಸವನ್ನು ಮನಗಂಡೇ.

ಉತ್ತರಕ್ಕೆ ಯುರೋಪಿನವರೆಗೆ ಹೋಗಬೇಕಾಗಿಯೂ ಇಲ್ಲ. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2004ರಲ್ಲಿಯೇ ಸೂತ್ರವನ್ನು ಹೇಳಿದೆ: ಖಾಸಗಿತನ ಸ್ಥಳದ್ದಲ್ಲ, ವ್ಯಕ್ತಿಯದು, ಗ್ರಾಹಕನ ಕಾಗದ ಬ್ಯಾಂಕಿನ ಕಪಾಟಿಗೆ ಸೇರಿದ ಮಾತ್ರಕ್ಕೆ ಅವನ ಹಕ್ಕು ಅಳಿಯದು. ಬ್ಯಾಂಕಿನ ಕಪಾಟಿಗೆ ಸಲ್ಲುವ ಈ ಮಾತು ದೂರವಾಣಿ ಕಂಪೆನಿಯ ಯಂತ್ರಕ್ಕೂ ಸಲ್ಲಬೇಕು. ದಾಖಲೆಯ ಅವಧಿಯನ್ನು ಸಂಸತ್ತು ನಿರ್ಣಯಿಸಲಿ. ಅದನ್ನು ತೆರೆಯುವ ಅಪ್ಪಣೆಯನ್ನು ನ್ಯಾಯಾಧೀಶರು ಕೊಡಲಿ. ತನಿಖೆ ಮುಗಿದ ಮೇಲೆ ಸಂಬಂಧಪಟ್ಟವನಿಗೆ ಆ ಸಂಗತಿ ತಿಳಿಯಲಿ. ಲೆಕ್ಕ ಬರೆದಿಟ್ಟವನು ಅದರ ಕಾವಲುಗಾರನೇ ಹೊರತು ಒಡೆಯನಲ್ಲ.