ಸಂತೆಯಲ್ಲಿ ತಿಂದದ್ದು ಹಬ್ಬದೂಟವಲ್ಲ

ಡಿಸೆಂಬರಿನ ಪೋಲೆಂಡ್ ಅಂದರೆ ಕಣ್ಣೆದುರು ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಕ್ರಾಕೋವ್ ನಗರದ ದೊಡ್ಡ ಚೌಕ, ಮರದ ಪುಟ್ಟ ಅಂಗಡಿಗಳ ಸಾಲು, ದೀಪದ ಸರ, ಹಬೆಯಾಡುವ ವೈನಿನ ಲೋಟ ಹಿಡಿದ ಕೈಗವಸು. ಚಿತ್ರ ಸುಳ್ಳಲ್ಲ. ನವೆಂಬರ್ ಕೊನೆಯಿಂದ ಹೊಸ ವರ್ಷದ ಹೊತ್ತಿನ ತನಕ ಅಲ್ಲಿ ನಡೆಯುವ ಕ್ರಿಸ್‌ಮಸ್ ಸಂತೆ ಯುರೋಪಿನ ಹೆಸರಾದ ಸಂತೆಗಳಲ್ಲಿ ಒಂದು. ತಕರಾರಿರುವುದು ಚಿತ್ರದ ಕೆಳಗಿನ ಒಕ್ಕಣೆಯ ಬಗ್ಗೆ. ಪೋಲಿಷ್ ಕ್ರಿಸ್‌ಮಸ್ಸಿನ ರುಚಿಯೆಲ್ಲ ಇಲ್ಲೇ ಇದೆ ಎಂದು ಪ್ರವಾಸಿ ಬರಹಗಳು ಹೇಳುತ್ತವೆ. ಇಲ್ಲಿಲ್ಲ. ಈ ಚೌಕದಲ್ಲಿ ನಿಂತು ತಿನ್ನುವ ತಿನಿಸುಗಳಲ್ಲಿ ಬಹುಪಾಲು, ಡಿಸೆಂಬರ್ 24ರ ರಾತ್ರಿ ಅಲ್ಲಿನ ಮನೆಗಳ ಊಟದ ಮೇಜಿಗೆ ಬರುವುದೇ ಇಲ್ಲ. ಬರುವ ಅಡುಗೆಯ ಸಾಮಾನು ಸಿಗುವ ಜಾಗ ಹತ್ತು ನಿಮಿಷದ ನಡಿಗೆಯಾಚೆ ಇದೆ, ಅಲ್ಲಿ ದೀಪದ ಸರಗಳ ಮೆರೆದಾಟವಿಲ್ಲ. ಪರಊರಿನವನಿಗೆ ಪೋಲೆಂಡಿನ ಹಬ್ಬ ಬೇಯಿಸಿದ ರೂಪದಲ್ಲಿ ಸಿಗುವುದಕ್ಕಿಂತ ಹಸಿ ರೂಪದಲ್ಲಿ, ತರಕಾರಿ ಕಟ್ಟೆಯ ಮೇಲೆ ಹೆಚ್ಚು ಸಿಗುತ್ತದೆ. ಈ ವಾರ ಹೇಳಬೇಕಾದದ್ದು ಇಷ್ಟೇ.

ಮೊದಲು ಚೌಕ. ಸ್ಥಳೀಯರು ರಿನೆಕ್ ಎಂದು ಕರೆಯುವ ಈ ಬಯಲನ್ನು 1257ರಲ್ಲಿ ನಗರಕ್ಕೆ ಮ್ಯಾಗ್ಡೆಬರ್ಗ್ ಕಾನೂನಿನ ಸನದು ಸಿಕ್ಕಾಗ ಅಳೆದು ಹಾಕಿದರು. ಒಂದೊಂದು ಬದಿ ಸುಮಾರು 200 ಮೀಟರ್. ನಡುವೆ ಸುಕಿಯೆನ್ನಿತ್ಸೆ, ಅಂದರೆ ಹಳೆಯ ಜವಳಿ ಮಂಡಿ. ಪೂರ್ವಕ್ಕೆ ಸಂತ ಮೇರಿಯ ಚರ್ಚು, ಅದರ ಎತ್ತರದ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತುತ್ತೂರಿ ಊದಿ, ರಾಗ ಮುಗಿಯುವ ಮುನ್ನವೇ ಥಟ್ಟನೆ ನಿಲ್ಲಿಸುತ್ತಾರೆ. ಸಂತೆಯ ಅಂಗಡಿಗಳು ಕೂರುವುದು ಈ ಎರಡು ಕಟ್ಟಡಗಳ ನಡುವಣ ಜಾಗದಲ್ಲಿ. ಗಾಜಿನ ಬುಗ್ಗೆ, ಅಂಬರು, ಕುರಿಚರ್ಮದ ಚಪ್ಪಲಿ ಎಲ್ಲ ಇವೆ, ಅವು ಈ ಅಂಕಣದ ಸರಕಲ್ಲ. ತಿನ್ನುವುದಕ್ಕೆ ಬಂದರೆ, ಕೆಂಡದ ಮೇಲೆ ಚಟಚಟಿಸುವ ಕಿಯೆವ್‌ಬಾಸಾ ಸಾಸೇಜು, ಹಂದಿಯ ಮೊಳಕಾಲು, ಹುಳಿಕೋಸು ಮತ್ತು ಮಾಂಸ ಸೇರಿಸಿ ಗಂಟೆಗಟ್ಟಲೆ ಬೇಯಿಸಿದ ಬಿಗೋಸ್, ಹಂದಿ ಕೊಬ್ಬು ಸವರಿದ ರೊಟ್ಟಿ. ಸಿಹಿಗೆ ಕೊಳವೆಯಂತೆ ಸುತ್ತಿ ಸುಟ್ಟ ಕೇಕು, ಅದು ಹಂಗೇರಿಯಿಂದ ಬಂದದ್ದು. ಕುಡಿಯಲು ಲವಂಗ, ಚಕ್ಕೆ ಹಾಕಿ ಕಾಸಿದ ವೈನು. ಮೈ ಕೊರೆಯುವ ಚಳಿಯಲ್ಲಿ ಇವೆಲ್ಲ ಹಿತವೇ. ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ಸಿಹಿ ಮತ್ತು ವೈನು ಬಿಟ್ಟರೆ ಉಳಿದದ್ದರಲ್ಲೆಲ್ಲ ಮಾಂಸ ಅಥವಾ ಕೊಬ್ಬು.

ಮಾಂಸವಿಲ್ಲದ್ದು ಅಂದುಕೊಂಡು ಕೈಗೆತ್ತಿಕೊಳ್ಳುವ ಒಂದು ತಿನಿಸನ್ನು ಹತ್ತಿರದಿಂದ ನೋಡೋಣ. ಚಿನ್ನದ ಬಣ್ಣದ ಹೊಗೆಹಾಕಿದ ಚೀಸಿನ ಬಿಲ್ಲೆ, ಕಾವಲಿಯ ಮೇಲೆ ಬಾಡಿಸಿ, ಮೇಲೊಂದು ಚಮಚ ಕ್ರ್ಯಾನ್‌ಬೆರಿ ಜಾಮ್. ಫಲಕದ ಮೇಲಿನ ಹೆಸರು ಸಾಮಾನ್ಯವಾಗಿ ಓಸ್ತ್ಸಿಪೆಕ್. ತಾತ್ರಾ ಬೆಟ್ಟದ ಕುರಿಗಾಹಿಗಳು ಮಾಡುವ ಈ ಚೀಸಿಗೆ 2008ರಲ್ಲಿ ಐರೋಪ್ಯ ಒಕ್ಕೂಟ ಸಂರಕ್ಷಿತ ಹೆಸರಿನ ಮಾನ್ಯತೆ ಕೊಟ್ಟಿದೆ. ಆ ನಿಯಮದ ಪ್ರಕಾರ ಅದು ಎರಡೂ ತುದಿ ಚೂಪಾದ ಕದಿರಿನ ಆಕಾರದಲ್ಲಿರಬೇಕು, ಉದ್ದ 17ರಿಂದ 23 ಸೆಂಟಿಮೀಟರ್, ತೂಕ 600ರಿಂದ 800 ಗ್ರಾಮ್, ಹಸುವಿನ ಹಾಲು ಬೆರೆಸಿದರೂ ನೂರಕ್ಕೆ 40 ಪಾಲು ಮೀರಬಾರದು. ಮುಖ್ಯವಾದ ಮಾತೆಂದರೆ, ಅದನ್ನು ಮಾಡುವುದು ಕುರಿಗಳು ಬೆಟ್ಟದಲ್ಲಿ ಮೇಯುವ ಮೇ ತಿಂಗಳಿಂದ ಸೆಪ್ಟೆಂಬರ್ ತನಕ. ಡಿಸೆಂಬರಿನಲ್ಲಿ ಅಂಗೈಯಗಲದ ಬಿಲ್ಲೆಯಾಗಿ ಕಾವಲಿಗೆ ಬೀಳುವುದು ಹೆಚ್ಚಾಗಿ ಹಸುವಿನ ಹಾಲಿನ ಅದರ ತಂಗಿ, ಗೋವ್ಕಾದಂಥ ಚೀಸು. ರುಚಿಗೆ ಮೋಸವಿಲ್ಲ, ಹೆಸರಿಗೆ ಇದೆ. ಬೇಸಿಗೆಯ ಬೆಟ್ಟದ ಕಸುಬೊಂದನ್ನು ಚಳಿಗಾಲದ ಹಬ್ಬದ ಗುರುತಾಗಿಸಿ ಮಾರುವುದು ಈ ಸಂತೆಯ ಸ್ವಭಾವವನ್ನು ತೋರಿಸುತ್ತದೆ: ಇದು ಹಬ್ಬದ ಅಡುಗೆಮನೆಯಲ್ಲ, ಇಡೀ ದೇಶದ ತಿನಿಸುಗಳ ಪ್ರದರ್ಶನ.

ಈಗ ಮನೆಯ ಕಡೆ ತಿರುಗೋಣ. ಪೋಲಿಷರಿಗೆ ಕ್ರಿಸ್‌ಮಸ್ಸಿನ ಜೀವ ಇರುವುದು 25ರ ಹಗಲಿನಲ್ಲಿ ಅಲ್ಲ, 24ರ ಸಂಜೆಯ ವಿಗಿಲಿಯಾದಲ್ಲಿ. ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ ಊಟಕ್ಕೆ ಕೂರುವುದು ವಾಡಿಕೆ, ಹಾಗಾಗಿ ಮಕ್ಕಳೆಲ್ಲ ಕಿಟಕಿಗೆ ಆತುಕೊಂಡಿರುತ್ತಾರೆ. ಮೇಜಿನ ಬಟ್ಟೆಯಡಿ ಒಂದು ಹಿಡಿ ಒಣಹುಲ್ಲು, ದನದ ಗೋದಲೆಯ ನೆನಪಿಗೆ. ಕರೆಯದೆ ಬರುವ ಅತಿಥಿಗೆಂದು ಒಂದು ತಟ್ಟೆ ಹೆಚ್ಚು. ಊಟಕ್ಕೆ ಮುಂಚೆ ಒಪ್ವಾತೆಕ್ ಎಂಬ, ಕಾಗದದಷ್ಟು ತೆಳುವಾದ ಬಿಳಿ ಗೋಧಿಹಾಳೆಯನ್ನು ಮುರಿದು, ಒಬ್ಬರದನ್ನೊಬ್ಬರು ತಿಂದು ಹರಸುತ್ತಾರೆ. ಆಮೇಲೆ ಹನ್ನೆರಡು ಬಗೆಯ ಅಡುಗೆ, ಅದರಲ್ಲಿ ಮಾಂಸವಿಲ್ಲ. ಚರ್ಚು ಈಗ ಈ ವ್ರತವನ್ನು ಕಡ್ಡಾಯ ಮಾಡಿಲ್ಲವಾದರೂ ಮನೆಗಳು ಬಿಟ್ಟಿಲ್ಲ. ಹುಳಿ ಬರಿಸಿದ ಬೀಟ್‌ರೂಟಿನ ತಿಳಿಸಾರು ಬಾರ್ಷ್ಚ್, ಅದರಲ್ಲಿ ತೇಲುವ ಅಣಬೆ ತುಂಬಿದ ಪುಟ್ಟ ಕಡುಬು ಉಷ್ಕಾ (ಈ ಪದದ ಅರ್ಥವೇ ‘ಪುಟ್ಟ ಕಿವಿ’), ಹುಳಿಕೋಸು-ಅಣಬೆ ತುಂಬಿದ ಪಿಯೆರೋಗಿ, ಹೆರಿಂಗ್ ಮೀನು, ಕರಿದ ಕಾರ್ಪ್ ಮೀನು, ಒಣಹಣ್ಣು ಕುದಿಸಿದ ಪಾನಕ, ಗಸಗಸೆಯ ಸುರುಳಿ. ಹನ್ನೆರಡು ಬಗೆ ಮನೆಯಿಂದ ಮನೆಗೆ ಬದಲಾಗಬಹುದು, ಹದ ಬದಲಾಗದು. ಹುಳಿ, ಅಣಬೆ, ಹೊಗೆ, ಜೇನು ಸೇರಿದ ಹದ ಅದು. ಚೌಕದಲ್ಲಿ ಮೂಗಿಗೆ ಬಡಿಯುವ ಕೊಬ್ಬಿನ ಘಮಕ್ಕೂ ಇದಕ್ಕೂ ಸಂಬಂಧವಿಲ್ಲ. ಒಂದರಲ್ಲಿ ಇರುವುದು ವ್ರತ, ಇನ್ನೊಂದರಲ್ಲಿ ಜಾತ್ರೆ.

ಈ ಅಂತರವನ್ನು ಅಳೆಯಲು ಕಾಲುಗಳೇ ಸರಿ. ಚೌಕದ ಈಶಾನ್ಯ ಮೂಲೆಯಿಂದ ಫ್ಲೋರಿಯಾನ್ಸ್ಕಾ ಬೀದಿ ಹಿಡಿದು ಬಡಗಣಕ್ಕೆ ನಡೆದರೆ ಕೋಟೆಯ ಫ್ಲೋರಿಯನ್ ಬಾಗಿಲು ಬರುತ್ತದೆ, ಅದರಾಚೆ 15ನೇ ಶತಮಾನದ ಕೊನೆಯಲ್ಲಿ ಕಟ್ಟಿದ ದುಂಡು ಬುರುಜು. ಉಳಿದ ಗೋಡೆಯನ್ನು 19ನೇ ಶತಮಾನದಲ್ಲಿ ಕೆಡವಿ, ಆ ಜಾಗದಲ್ಲಿ ಊರಿನ ಸುತ್ತ ಪ್ಲಾಂತಿ ಎಂಬ ಉದ್ಯಾನದ ಪಟ್ಟಿ ಮಾಡಿದ್ದಾರೆ. ದಾರಿಯಲ್ಲಿ ಗಾಡಿಗಳ ಮೇಲೆ ಒಬ್ವಾಝಾನೆಕ್ ಮಾರುತ್ತಾರೆ. ಹಿಟ್ಟಿನ ಎಳೆಗಳನ್ನು ಹುರಿ ಹೊಸೆದಂತೆ ಹೊಸೆದು, ಬಳೆ ಮಾಡಿ, ಕುದಿನೀರಲ್ಲಿ ಒಂದು ಮುಳುಗು ಹಾಕಿಸಿ, ಆಮೇಲೆ ಒಲೆಯಲ್ಲಿ ಬೇಯಿಸುವ ರೊಟ್ಟಿ ಅದು. ರಾಣಿ ಯಾದ್ವಿಗಾಳ ಆಸ್ಥಾನದ 1394ರ ಲೆಕ್ಕದಲ್ಲೇ ಅದರ ಹೆಸರಿದೆ. ಉಪ್ಪು, ಎಳ್ಳು, ಗಸಗಸೆ ಯಾವುದನ್ನು ಬೇಕಾದರೂ ಉದುರಿಸಿಕೊಳ್ಳಬಹುದು. ಕ್ರಿಸ್‌ಮಸ್ಸಿಗೂ ಅದಕ್ಕೂ ನಂಟಿಲ್ಲ, ವರ್ಷವಿಡೀ ಸಿಗುತ್ತದೆ, ಹಾಗಾಗಿಯೇ ಅದನ್ನು ಕಚ್ಚಿಕೊಂಡು ನಡೆಯುವುದು ಊರಿನವರಂತೆ ಕಾಣಲು ಸುಲಭದ ದಾರಿ.

ಬುರುಜು ದಾಟಿ ಇನ್ನೊಂದಷ್ಟು ಹೆಜ್ಜೆ ಹಾಕಿದರೆ ಹಳೆಯ ಕ್ಲೆಪಾಶ್ ಮಾರುಕಟ್ಟೆ. ಕ್ಲೆಪಾಶ್ ಮೊದಲು ಬೇರೆಯೇ ಪಟ್ಟಣ, 1366ರಲ್ಲಿ ದೊರೆ ಮೂರನೇ ಕಾಜಿಮಿಯೆಝ್ ಅದಕ್ಕೆ ಸನದು ಕೊಟ್ಟ. ಕೋಟೆಯೊಳಗೆ ಜವಳಿ, ಕೋಟೆಯ ಹೊರಗೆ ಕಾಳುಕಡ್ಡಿ ಎಂಬ ಹಳೆಯ ವಿಂಗಡಣೆ ಇಂದಿಗೂ ಹೆಚ್ಚು ಅಳಿಸಿಲ್ಲ. ಮೇಲೆ ಸರಳವಾದ ಚಾವಣಿ, ಕೆಳಗೆ ಇಕ್ಕಟ್ಟಾದ ಓಣಿಗಳು. ಡಿಸೆಂಬರ್ ಮೂರನೆಯ ವಾರ ಇಲ್ಲಿ ನಿಂತವರಿಗೆ ವಿಗಿಲಿಯಾದ ಅಡುಗೆಪಟ್ಟಿಯನ್ನು ಯಾರೂ ಓದಿ ಹೇಳಬೇಕಿಲ್ಲ. ಕಾಡಿನ ಒಣ ಅಣಬೆಯನ್ನು ದಾರಕ್ಕೆ ಪೋಣಿಸಿ ಹಾರದಂತೆ ನೇತುಹಾಕಿದ್ದಾರೆ. ಪೀಪಾಯಿಯಲ್ಲಿ ಹುಳಿಕೋಸು, ಅದರ ಹುಳಿನೀರು ಬೇರೆ. ಬಾರ್ಷ್ಚಿಗೆಂದು ಹುಳಿ ಬರಿಸಿದ ಬೀಟ್‌ರೂಟಿನ ರಸ ಬಾಟಲಿಗಳಲ್ಲಿ. ಒಣಹಣ್ಣಿನ ಪಾನಕಕ್ಕೆ ಹೊಗೆಯಲ್ಲಿ ಒಣಗಿಸಿದ ಪ್ಲಮ್ ಹಣ್ಣು: ಈ ಸೀಮೆಯ ಹಳ್ಳಿಗಳ ಈ ಪ್ಲಮ್ಮಿಗೂ 2010ರಿಂದ ಐರೋಪ್ಯ ಮಾನ್ಯತೆಯಿದೆ. ಅದನ್ನು ಮೂಗಿನ ಹತ್ತಿರ ಹಿಡಿದರೆ ಹಣ್ಣಿನ ವಾಸನೆಗಿಂತ ಮೊದಲು ಬರುವುದು ಸೌದೆ ಒಲೆಯ ವಾಸನೆ.

ಮತ್ತೆ ಗಸಗಸೆ. ಇಲ್ಲಿ ಕನ್ನಡದ ನಾಲಗೆ ತುಸು ನಿಲ್ಲಬೇಕು. ನಮ್ಮ ಗಸಗಸೆ ಕೆನೆಬಣ್ಣದ್ದು, ಪೋಲೆಂಡಿನದು ಕಡುನೀಲಿ, ದೂರದಿಂದ ಮಸಿ ಕಂಡಂತೆ ಕಾಣುತ್ತದೆ. ಅದನ್ನು ಬಿಸಿಹಾಲಲ್ಲೋ ನೀರಲ್ಲೋ ನೆನೆಸಿ, ಬಸಿದು, ಎರಡು ಮೂರು ಸಲ ಅರೆದು, ಜೇನು, ದ್ರಾಕ್ಷಿ, ಬಾದಾಮಿ ಬೆರೆಸುತ್ತಾರೆ. ಹಿಟ್ಟಿನ ಹಾಳೆಯ ಮೇಲೆ ಹರಡಿ ಸುತ್ತಿದರೆ ಮಾಕೋವಿಯೆತ್ಸ್ ಎಂಬ ಸುರುಳಿ. ಬೇಯಿಸಿದ ಇಡೀ ಗೋಧಿಗೆ ಕಲಸಿದರೆ ಕುತ್ಯಾ, ಇದು ಪೂರ್ವ ಗಡಿಸೀಮೆಯ ಕುಟುಂಬಗಳ ಜೊತೆ ಬಂದ ಅಡುಗೆ. ಗಸಗಸೆ ಪಾಯಸ ಕುಡಿದು ಮಧ್ಯಾಹ್ನ ತೂಕಡಿಸಿದವರಿಗೆ ಕುತ್ಯಾದ ರುಚಿಯನ್ನು ಊಹಿಸಲು ಕಷ್ಟವಿಲ್ಲ, ಬೆಲ್ಲದ ಬದಲು ಜೇನು, ಅಕ್ಕಿಯ ಬದಲು ಗೋಧಿ ಅಷ್ಟೇ. ಪೋಲೆಂಡಿನ ಹಬ್ಬದ ರುಚಿ ಕೇಳಿದವರಿಗೆ ಸಾಸೇಜಿಗಿಂತ ಇದನ್ನು ತೋರಿಸುವುದು ನ್ಯಾಯ.

ಇದಕ್ಕೆ ಬಲವಾದ ಎದುರುಮಾತು ಒಂದಿದೆ. ಸಂಪ್ರದಾಯ, ಸಂಪ್ರದಾಯ ಎನ್ನುತ್ತೀರಿ, ಮನೆಯೊಳಗಿನದು ಮಾತ್ರ ಶುದ್ಧವೆ? ವಿಗಿಲಿಯಾದ ಕಾರ್ಪ್ ಮೀನನ್ನೇ ನೋಡಿ. ಅದನ್ನು ಕೊಳಗಳಲ್ಲಿ ಸಾಕುವುದು ಮಧ್ಯಯುಗದ ಮಠಗಳ ಕಾಲದಿಂದ ಇದ್ದರೂ, ಮನೆಮನೆಯ ಮೇಜಿಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. ಸಮುದ್ರದ ಮೀನು ತರಲು ದೋಣಿಗಳಿಲ್ಲದ ಹೊತ್ತಿನಲ್ಲಿ ಕಮ್ಯುನಿಸ್ಟ್ ಸರ್ಕಾರ ಕೊಳದ ಮೀನಿಗೆ ಒತ್ತು ಕೊಟ್ಟಿತು. ಜೀವಂತ ಕಾರ್ಪ್ ತಂದು ಸ್ನಾನದ ತೊಟ್ಟಿಯಲ್ಲಿ ಈಜಲು ಬಿಡುವುದು, ಅದರ ಒಂದು ಹುರುಪೆಯನ್ನು ದುಡ್ಡಿನ ಚೀಲದಲ್ಲಿ ಇಟ್ಟುಕೊಂಡರೆ ವರ್ಷವಿಡೀ ಕೈ ಬರಿದಾಗದು ಎಂದು ನಂಬುವುದು, ಇವು ಆ ಕಾಲದಲ್ಲಿ ಮನೆಮನೆಗೂ ಹಬ್ಬಿದವು. ಕ್ರಾಕೋವ್‌ನ ಹೆಮ್ಮೆಯಾದ ಶೊಪ್ಕಾ ಕೂಡ ಹಾಗೆಯೇ. ತೆಳು ಮರ, ರಟ್ಟು, ಮಿರುಗುವ ಬಣ್ಣದ ಹಾಳೆಗಳಲ್ಲಿ, ಇದೇ ಊರಿನ ಚರ್ಚು ಗೋಪುರಗಳ ಆಕಾರದಲ್ಲಿ ಕಟ್ಟುವ ಗೋದಲಿಯ ಮಾದರಿ ಅದು. 19ನೇ ಶತಮಾನದಲ್ಲಿ ಅದನ್ನು ಕಟ್ಟಿದವರು ಹೆಚ್ಚಾಗಿ ಹೊರವಲಯದ ಗಾರೆ ಕೆಲಸದವರು. ಚಳಿಗಾಲದಲ್ಲಿ ಕಟ್ಟಡದ ಕೆಲಸ ನಿಂತಾಗ ಶೊಪ್ಕಾ ಹೊತ್ತು ಮನೆಮನೆ ತಿರುಗಿ, ಬೊಂಬೆಯಾಟ ಆಡಿಸಿ ಕಾಸು ಸಂಪಾದಿಸುತ್ತಿದ್ದರು. 1937ರಲ್ಲಿ ನಗರವೇ ಸ್ಪರ್ಧೆ ಶುರುಮಾಡಿತು. 2018ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅಂದಮೇಲೆ ದುಡ್ಡು, ಸರ್ಕಾರ, ಪ್ರಚಾರ ತಾಕದ ಸಂಪ್ರದಾಯ ಎಲ್ಲಿದೆ, ಸಂತೆಯೊಂದರ ಮೇಲೇಕೆ ಮುನಿಸು?

ಈ ಮಾತಿನ ಅರ್ಧವನ್ನು ಒಪ್ಪಲೇಬೇಕು. ವಯಸ್ಸು ಇಲ್ಲಿ ಅಳತೆಗೋಲಲ್ಲ. ಹಾಗೆ ನೋಡಿದರೆ ಕ್ರಿಸ್‌ಮಸ್ ಸಂತೆ ಎಂಬ ಬಗೆಯೇ ಜರ್ಮನ್ ಸೀಮೆಯಿಂದ ಬಂದದ್ದು, ಡ್ರೆಸ್ಡೆನ್‌ನ ಸಂತೆಯ ಲೆಕ್ಕ 1434ರಿಂದ ಸಿಗುತ್ತದೆ. ಮ್ಯಾಗ್ಡೆಬರ್ಗ್ ಕಾನೂನಿನ ಮೇಲೆ ಕಟ್ಟಿದ ಊರಿಗೆ ಅದು ಪರಕೀಯ ಎಂದರೆ ಇತಿಹಾಸವೇ ನಕ್ಕೀತು. ನಮ್ಮ ಅಳತೆಗೋಲು ಬೇರೆ. ಒಂದು ವಸ್ತುವನ್ನು ಈ ಋತುವಿನಲ್ಲಿ ಕೊಳ್ಳುವವರು ಯಾರು, ಯಾತಕ್ಕೆ? ಕಾರ್ಪನ್ನು ಕೊಳ್ಳುವವರು ಮನೆಗೆ ಒಯ್ಯಲು ಕೊಳ್ಳುತ್ತಾರೆ. ಶೊಪ್ಕಾ ಕಟ್ಟುವವರು ತಿಂಗಳುಗಟ್ಟಲೆ ಅದರ ಮುಂದೆ ಕೂತು, ಡಿಸೆಂಬರ್ ಮೊದಲ ಗುರುವಾರ ಬೆಳಿಗ್ಗೆ ಅದೇ ಚೌಕದ ಕವಿ ಮಿತ್ಸ್ಕಿಯೆವಿಚ್ ಪ್ರತಿಮೆಯ ಮೆಟ್ಟಿಲ ಮೇಲೆ ತಂದಿಡುತ್ತಾರೆ. ಬಿಸಿ ಸಾಸೇಜು ಮಾತ್ರ ನಿಂತಲ್ಲೇ ಮುಗಿಯುತ್ತದೆ, ಅದರ ಹಿಂದೆ ಮನೆಯಿಲ್ಲ, ಮುಂದೆಯೂ ಮನೆಯಿಲ್ಲ. ಸಂತೆಗಿಂತ ಹತ್ತು ಮೀಟರ್ ದೂರದ ಆ ಮೆಟ್ಟಿಲುಗಳು ಹಬ್ಬಕ್ಕೆ ಹತ್ತಿರ ಅನ್ನುವುದು ಇದೇ ಲೆಕ್ಕದಲ್ಲಿ.

ಊರಿನವರೂ ಸಂತೆಗೆ ಹೋಗುತ್ತಾರಲ್ಲ ಎಂದು ಕೇಳಬಹುದು. ಹೋಗುತ್ತಾರೆ, ಕೆಲಸ ಮುಗಿಸಿ ಗೆಳೆಯರ ಜೊತೆ ಒಂದು ಲೋಟ ಬಿಸಿ ವೈನಿಗೆ. ಅವರಿಗೆ ಅದು ಸಂಜೆಯ ಸುತ್ತಾಟ, ಹಬ್ಬ ಎಂದು ಅವರು ಭ್ರಮಿಸುವುದಿಲ್ಲ. ಪ್ರವಾಸಿಗೆ ಅಡುಗೆಮನೆ ಇಲ್ಲವಲ್ಲ, ಹಸಿ ಬೀಟ್‌ರೂಟ್ ನೋಡಿ ಏನು ಮಾಡಲಿ ಎನ್ನುವ ಪ್ರಶ್ನೆ ಇದಕ್ಕಿಂತ ಗಟ್ಟಿಯದು. ಉತ್ತರ ಇದೆ. ಕಮ್ಯುನಿಸ್ಟ್ ಕಾಲದಿಂದ ಉಳಿದುಬಂದಿರುವ ‘ಬಾರ್ ಮ್ಲೆಚ್ನಿ’, ಅಂದರೆ ಹಾಲಿನ ಬಾರ್ ಎಂಬ ಅಗ್ಗದ ಊಟದಂಗಡಿಗಳಲ್ಲಿ ಬಾರ್ಷ್ಚ್ ಮತ್ತು ಪಿಯೆರೋಗಿ ಸಿಗುತ್ತವೆ. ಬೇಕರಿಗಳಲ್ಲಿ ಮಾಕೋವಿಯೆತ್ಸ್ ಅನ್ನು ಕತ್ತರಿಸಿ ತೂಗಿ ಕೊಡುತ್ತಾರೆ. ನಮ್ಮ ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ: ಆಲೂಗಡ್ಡೆ-ಚೀಸು ತುಂಬಿದ ಪಿಯೆರೋಗಿಯ ಮೇಲೂ ಹುರಿದ ಹಂದಿಕೊಬ್ಬಿನ ಚೂರು ಉದುರಿಸುವ ರೂಢಿ ಇದೆ, ಕೊಡುವ ಮೊದಲೇ ಬೇಡ ಎನ್ನಬೇಕು. ಹಾಗೆಯೇ ಸಂತೆಯಲ್ಲಿ ಮಾಂಸದ ದರವನ್ನು ಎಷ್ಟೋ ಕಡೆ 100 ಗ್ರಾಮಿಗೆ ಬರೆದಿರುತ್ತಾರೆ, ತಟ್ಟೆಗಲ್ಲ. ಫಲಕ ಓದದೆ ಕೈ ತೋರಿಸಿದವರ ಜೇಬು ತಕ್ಕಡಿಯ ಮೇಲೆ ಹಗುರಾಗುತ್ತದೆ.

ಹೋಗುವವರು ದಿನ ನೋಡಿ ಹೊರಡಿ. ಶೊಪ್ಕಾ ಬೇಕಿದ್ದರೆ ಡಿಸೆಂಬರ್ ಮೊದಲ ಗುರುವಾರ. ಕ್ಲೆಪಾಶ್ ಬೇಕಿದ್ದರೆ ಹಬ್ಬಕ್ಕೆ ಮುಂಚಿನ ವಾರದ ಬೆಳಗುಗಳು. ಮೊದಲು ಅಲ್ಲಿಗೆ ಹೋಗಿ, ಕತ್ತಲಾದ ಮೇಲೆ ಚೌಕಕ್ಕೆ ಬನ್ನಿ. ತಿನ್ನಲು ಬೇಕಾದದ್ದನ್ನು 23ರೊಳಗೆ ಕೊಂಡಿಟ್ಟುಕೊಳ್ಳಿ. 2025ರಿಂದ ಡಿಸೆಂಬರ್ 24 ಪೋಲೆಂಡಿನಲ್ಲಿ ಸಾರ್ವತ್ರಿಕ ರಜೆ, ಅಂದು ಕ್ರಾಕೋವ್‌ನಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂಮುಕ್ಕಾಲಿನ ಆಸುಪಾಸು.