ಮೂರನೇ ನಂಬರಿನ ಕೆಲಸ

2023ರ ಅಕ್ಟೋಬರ್ 9ರ ರಾತ್ರಿ, ಅಟ್ಲಾಂಟಾ. ಬೇಸ್‌ಬಾಲ್ ಪಂದ್ಯದ ಒಂಬತ್ತನೇ ಇನಿಂಗ್ಸ್ ನಡೆಯುತ್ತಿದೆ. ಬ್ರೇವ್ಸ್ 5, ಫಿಲಡೆಲ್ಫಿಯಾ ಫಿಲೀಸ್ 4. ಫಸ್ಟ್ ಬೇಸ್ ಮೇಲೆ ಫಿಲೀಸ್‌ನ ಬ್ರೈಸ್ ಹಾರ್ಪರ್. ನಿಕ್ ಕ್ಯಾಸ್ಟೆಲಾನೋಸ್ ಹೊಡೆದ ಚೆಂಡು ಗೋಡೆಯ ಕಡೆಗೆ ಹಾರಿತು. ಇದನ್ನು ಯಾರೂ ಹಿಡಿಯಲಾರರು ಎಂದುಕೊಂಡ ಹಾರ್ಪರ್ ಸೆಕೆಂಡ್ ಬೇಸನ್ನೂ ದಾಟಿ ಓಡಿದರು. ಆದರೆ ಬ್ರೇವ್ಸ್‌ನ ಮೈಕೆಲ್ ಹ್ಯಾರಿಸ್ ಗೋಡೆಗೆ ಎಗರಿ ಹಿಡಿದೇಬಿಟ್ಟರು. ಕ್ಯಾಚ್ ಆದರೆ ಓಡಿದವನು ಹೊರಟ ಬೇಸಿಗೇ ಮರಳಬೇಕು. ಅಷ್ಟರೊಳಗೆ ಚೆಂಡು ಅಲ್ಲಿಗೆ ಬಂದರೆ ಅವನೂ ಔಟ್. ಹ್ಯಾರಿಸ್ ಎಸೆದದ್ದು ನಡುವೆ ನಿಂತವರ ಕೈಗೆ ಸಿಗದೆ ಉರುಳಿತು. ಥರ್ಡ್ ಬೇಸ್‌ಮನ್ ಆಸ್ಟಿನ್ ರೈಲಿ ಎಲ್ಲಿಂದಲೋ ಬಂದು ಅದನ್ನು ಎತ್ತಿ ಫಸ್ಟ್ ಬೇಸಿಗೆ ಬೀಸಿದರು. ಅಲ್ಲಿ ಕಾಲೂರಿ ನಿಂತಿದ್ದ ಮ್ಯಾಟ್ ಆಲ್ಸನ್ ಹಿಡಿದರು. ಪಂದ್ಯ ಮುಗಿಯಿತು.

ಸ್ಕೋರ್ ಪುಸ್ತಕದಲ್ಲಿ ಇದು 8-5-3 ಎಂದು ದಾಖಲಾಗಿದೆ. ಮೈದಾನದ ಪ್ರತಿ ಜಾಗಕ್ಕೂ ಒಂದು ನಂಬರು: ಹ್ಯಾರಿಸ್ ಎಂಟು, ರೈಲಿ ಐದು, ಫಸ್ಟ್ ಬೇಸ್‌ಮನ್ ಮೂರು. ಮರುದಿನ ಎಲ್ಲರ ಬಾಯಲ್ಲೂ ಎಂಟು ಮತ್ತು ಐದರ ಮಾತೇ. ಮೂರನೆಯವರು ಏನು ಮಾಡಿದರು? ಹಿಡಿದರು, ಅಷ್ಟೇ. ಈ 'ಅಷ್ಟೇ' ಎನ್ನುವುದರ ಮೇಲೆಯೇ ನನ್ನ ತಕರಾರು. ನ್ಯಾಷನಲ್ ಲೀಗಿನ ಪೂರ್ವ ವಿಭಾಗದಲ್ಲಿ 2023ರಿಂದ 2025ರವರೆಗೆ ಮೂರು ಬದ್ಧವೈರಿ ತಂಡಗಳಲ್ಲಿ ಮೂವರು ದೊಡ್ಡ ಫಸ್ಟ್ ಬೇಸ್‌ಮನ್‌ಗಳಿದ್ದರು: ಬ್ರೇವ್ಸ್‌ನಲ್ಲಿ ಆಲ್ಸನ್, ಫಿಲೀಸ್‌ನಲ್ಲಿ ಹಾರ್ಪರ್, ನ್ಯೂಯಾರ್ಕ್ ಮೆಟ್ಸ್‌ನಲ್ಲಿ ಪೀಟ್ ಅಲೋನ್ಸೊ. ಇವರಲ್ಲಿ ಯಾರು ಮೇಲು ಎಂಬ ಜಗಳ ಪ್ರತಿ ವರ್ಷವೂ ನಡೆಯಿತು, ಪ್ರತಿ ವರ್ಷವೂ ಹೋಮ್ ರನ್ ಎಣಿಸುವುದರಲ್ಲೇ ಮುಗಿಯಿತು.

ಆ ಎಣಿಕೆಯನ್ನೇ ಮೊದಲು ಮಾಡಿ ಮುಗಿಸೋಣ. ಅಲೋನ್ಸೊ 2019ರಲ್ಲಿ, ತಮ್ಮ ಮೊದಲ ವರ್ಷದಲ್ಲೇ, 53 ಹೋಮ್ ರನ್ ಬಾರಿಸಿದರು. ಹೊಸಬರ ಪೈಕಿ ಅಷ್ಟು ಹೊಡೆದವರು ಮತ್ತೊಬ್ಬರಿಲ್ಲ. 2025ರ ಆಗಸ್ಟಿನಲ್ಲಿ ಡ್ಯಾರಿಲ್ ಸ್ಟ್ರಾಬೆರಿಯ 252ನ್ನು ದಾಟಿ ಮೆಟ್ಸ್ ಇತಿಹಾಸದಲ್ಲೇ ಅತಿ ಹೆಚ್ಚು ಹೋಮ್ ರನ್ ಹೊಡೆದವರಾದರು. ಆಲ್ಸನ್ 2023ರಲ್ಲಿ 54 ಹೋಮ್ ರನ್ ಹೊಡೆದು 139 ರನ್ ತರಿಸಿದರು. ಹ್ಯಾಂಕ್ ಏರನ್ ಆಡಿದ ತಂಡದಲ್ಲಿ ಒಂದು ಸೀಸನ್ನಿನ ಮಟ್ಟಿಗೆ ಈ ಎರಡೂ ಆಧುನಿಕ ಯುಗದ ದಾಖಲೆಗಳು. ಹಾರ್ಪರ್ ಎರಡು ಸಲ ಲೀಗಿನ ಅತ್ಯುತ್ತಮ ಆಟಗಾರ, 2015 ಮತ್ತು 2021ರಲ್ಲಿ. ಆದರೆ ಆ ಎರಡೂ ವರ್ಷ ಅವರು ಆಡಿದ್ದು ಹೊರ ಮೈದಾನದಲ್ಲಿ. ಫಸ್ಟ್ ಬೇಸಿನ ಹೋಲಿಕೆಯಲ್ಲಿ ಆ ಪ್ರಶಸ್ತಿಗಳನ್ನು ಎಳೆದು ತರುವವರು ಇದನ್ನು ಮರೆಯುತ್ತಾರೆ.

ಇನ್ನು ಕೆಲಸದ ಮಾತು. ಒಳ ಮೈದಾನದಲ್ಲಿ ನೆಲಕ್ಕೆ ತಾಗಿ ಉರುಳುವ ಚೆಂಡನ್ನು ಶಾರ್ಟ್‌ಸ್ಟಾಪ್ ಹಿಡಿಯಲಿ, ಥರ್ಡ್ ಬೇಸ್‌ಮನ್ ಹಿಡಿಯಲಿ, ಅದು ಔಟ್ ಆಗಬೇಕಾದರೆ ಬಹುಪಾಲು ಫಸ್ಟ್ ಬೇಸಿಗೇ ಬರಬೇಕು. ಬ್ಯಾಟರ್ ಓಡುವುದು 90 ಅಡಿ. ಥರ್ಡ್ ಬೇಸಿನಿಂದ ಚೆಂಡು ಹಾರಿಬರುವುದು ಸುಮಾರು 127 ಅಡಿ. ಆತುರದಲ್ಲಿ ಎಸೆದದ್ದು ಪಕ್ಕಕ್ಕೆ ಹೋಗುತ್ತದೆ, ಮೇಲೆ ಹೋಗುತ್ತದೆ, ಮುಂದೆ ನೆಲಕ್ಕೆ ಬಡಿದು ಪುಟಿಯುತ್ತದೆ. ಒಂದು ಪಾದ ಬೇಸಿನ ಅಂಚಿಗೆ ತಾಗಿರುವಂತೆಯೇ ಮೈ ಚಾಚಿ ಇವನ್ನೆಲ್ಲ ಬಾಚಿಕೊಳ್ಳಬೇಕು. ರಾಹುಲ್ ದ್ರಾವಿಡ್ ಬಹುಪಾಲು ಸ್ಲಿಪ್ಪಿನಲ್ಲೇ ಹಿಡಿದ 210 ಟೆಸ್ಟ್ ಕ್ಯಾಚುಗಳನ್ನು ಕಂಡವರಿಗೆ ಈ ಕೈಚಳಕದ ಬೆಲೆ ಹೇಳಿಕೊಡಬೇಕಿಲ್ಲ. ಕಾಲು ಕಟ್ಟಿಹಾಕಿದಂತೆ ನಿಂತು ಹಿಡಿಯಬೇಕು ಎಂಬುದೊಂದೇ ಇಲ್ಲಿ ಹೆಚ್ಚಿನ ಷರತ್ತು.

ದಾಖಲೆ ಬರೆಯುವ ಪದ್ಧತಿ ಈ ಕೆಲಸಕ್ಕೆ ಮಾಡುವ ಅನ್ಯಾಯ ನೋಡಿ. ಕೆಟ್ಟ ಎಸೆತವನ್ನು ಫಸ್ಟ್ ಬೇಸ್‌ಮನ್ ಬಾಚಿ ಹಿಡಿದರೆ ಪುಸ್ತಕದಲ್ಲಿ ಅದು ಮಾಮೂಲಿ ಔಟ್. ಹಿಡಿಯದೆ ಬಿಟ್ಟರೆ ಎರರ್ ಬೀಳುವುದು ಸಾಮಾನ್ಯವಾಗಿ ಎಸೆದವನ ಲೆಕ್ಕಕ್ಕೆ. ಒಳ್ಳೆಯವನಿಗೆ ಹೆಸರಿಲ್ಲ, ಸಾಧಾರಣದವನಿಗೆ ಶಿಕ್ಷೆಯಿಲ್ಲ. ಕ್ಯಾಮೆರಾ ಹಚ್ಚಿ ಅಳೆಯುವ 'ಔಟ್ಸ್ ಅಬೋವ್ ಆವರೇಜ್' ಲೆಕ್ಕವೂ ಅವನತ್ತ ಹೊಡೆದ ಚೆಂಡಿಗೆ ಅವನು ಎಷ್ಟು ದೂರ ಸರಿದ ಎಂಬುದನ್ನು ನೋಡುತ್ತದೆಯೇ ಹೊರತು, ಅವನತ್ತ ಎಸೆದ ಚೆಂಡನ್ನು ಹೇಗೆ ಹಿಡಿದ ಎಂಬುದನ್ನಲ್ಲ.

ಇದಕ್ಕಿಂತ ವಿಚಿತ್ರವೂ ಇದೆ. 2024ರ ವರ್ಲ್ಡ್ ಸೀರೀಸಿನ ಐದನೇ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್ 5-0 ಮುಂದಿದ್ದಾಗ ಎದುರಾಳಿ ಡಾಜರ್ಸ್‌ನ ಮೂಕಿ ಬೆಟ್ಸ್ ಹೊಡೆದ ಸಪ್ಪೆ ಚೆಂಡು ಫಸ್ಟ್ ಬೇಸ್‌ಮನ್ ಆಂಥನಿ ರಿಝೊ ಕಡೆಗೆ ಬಂತು. ಚೆಂಡು ಹಿಡಿಯಲು ರಿಝೊ ಬೇಸಿನಿಂದ ದೂರದಲ್ಲಿದ್ದರು. ಬೇಸ್ ಕಾಯಲು ಓಡಿಬರಬೇಕಾಗಿದ್ದ ಪಿಚರ್ ಗೆರಿಟ್ ಕೋಲ್ ಬರಲಿಲ್ಲ. ಮೂರನೇ ಔಟ್ ಕೈತಪ್ಪಿತು, ಆ ಇನಿಂಗ್ಸಿನಲ್ಲೇ ಐದು ರನ್ ಬಂದವು, ಕೊನೆಗೆ ಡಾಜರ್ಸ್ 7-6ರಿಂದ ಗೆದ್ದು ಚಾಂಪಿಯನ್ ಆದರು. ಪುಸ್ತಕದಲ್ಲಿ ಆ ಕ್ಷಣಕ್ಕೆ ಎರರ್ ಇಲ್ಲ, ಬೆಟ್ಸ್ ಹೆಸರಲ್ಲಿ ಒಂದು ಹಿಟ್ ಇದೆ!

ಅಲೋನ್ಸೊ ಅವರನ್ನು 'ಬರೀ ಬ್ಯಾಟು' ಎಂದು ತಳ್ಳಿಹಾಕುವುದು ಸುಲಭ. ನನಗದು ಒಪ್ಪಿಗೆಯಿಲ್ಲ. ಪುಟಿದು ಬರುವ ಎಸೆತವನ್ನು ಬಾಚಿಕೊಳ್ಳುವುದರಲ್ಲಿ ಅವರ ಕೈ ನಂಬಬಹುದಾದ ಕೈಯೇ. 2024ರ ಅಕ್ಟೋಬರ್ 3ರಂದು ಮಿಲ್ವಾಕಿಯಲ್ಲಿ ಒಂಬತ್ತನೇ ಇನಿಂಗ್ಸಿನಲ್ಲಿ ಡೆವಿನ್ ವಿಲಿಯಮ್ಸ್ ಎಸೆತಕ್ಕೆ ಅವರು ಹೊಡೆದ ಮೂರು ರನ್ನಿನ ಹೋಮ್ ರನ್ ಮನೆಗೆ ಹೊರಟಿದ್ದ ತಂಡವನ್ನು ಹಿಂದಕ್ಕೆ ಕರೆತಂದಿತು. ಮುಂದಿನ ಸುತ್ತಿನಲ್ಲಿ ಮೆಟ್ಸ್ ಫಿಲೀಸನ್ನೂ 3-1ರಿಂದ ಹೊರಗಟ್ಟಿತು. ಅವರ ತೊಂದರೆ ಬೇರೆ ಎರಡು ಕಡೆ: ಪಕ್ಕಕ್ಕೆ ಸರಿಯುವ ವೇಗ ಮತ್ತು ಎಸೆತ. ಫಸ್ಟ್ ಬೇಸ್‌ಮನ್ ಎಸೆಯುವುದೇ ಅಪರೂಪ ಎನ್ನುತ್ತಾರೆ. ಆದರೆ 2025ರ ಜೂನಿನಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ವಿರುದ್ಧ ಬೇಸ್ ಕಾಯಲು ಓಡಿಬಂದ ಕೊಡೈ ಸೆಂಗಾಗೆ ಅಲೋನ್ಸೊ ಕೊಟ್ಟ ಚೆಂಡು ತೀರಾ ಮೇಲೆ ಹೋಯಿತು. ಸೆಂಗಾ ಎಗರಿ ಹಿಡಿದರು. ಇಳಿಯುವಷ್ಟರಲ್ಲಿ ತೊಡೆಯ ಹಿಂಬದಿಯ ಸ್ನಾಯು ಸೆಳೆದಿತ್ತು. ಆ ಹೊತ್ತಿಗೆ ಒಂಬತ್ತು ಇನಿಂಗ್ಸಿಗೆ ಸರಾಸರಿ 1.47 ರನ್ ಮಾತ್ರ ಕೊಡುತ್ತಿದ್ದ ಪಿಚರ್ ಆತ. ಒಂದು ತಿಂಗಳ ನಂತರ ಮರಳಿದರೂ ಹಳೆಯ ಸೆಂಗಾ ಮರಳಲಿಲ್ಲ. ಮೆಟ್ಸ್ 83 ಗೆಲುವು ಕಂಡು ಸೀಸನ್ನಿನ ಕೊನೆಯ ದಿನ ಪ್ಲೇಆಫ್ ಅವಕಾಶ ಕಳೆದುಕೊಂಡಿತು. ಒಂದು ಎಸೆತಕ್ಕೆ ಇಡೀ ಸೀಸನ್ನಿನ ಭಾರ ಹೊರಿಸುವುದು ಅತಿಯಾದೀತು. ಆದರೂ ಅದೇ ವರ್ಷ ಅಲೋನ್ಸೊ ತರಿಸಿದ 126 ರನ್ ಎಣಿಸುವವರು ಈ ಚೆಂಡನ್ನೂ ಎಲ್ಲಾದರೂ ಬರೆದಿಡಬೇಕಲ್ಲವೇ?

ಹಾರ್ಪರ್ ಈ ಜಾಗಕ್ಕೆ ಬಂದದ್ದು ಅನಿವಾರ್ಯದಿಂದ. 2022ರ ನವೆಂಬರಿನಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು, ಹೊರ ಮೈದಾನದಿಂದ ದೂರ ಎಸೆಯುವಂತಿರಲಿಲ್ಲ. ಮುಂದಿನ ಮಾರ್ಚಿನಲ್ಲಿ ಫಿಲೀಸ್‌ನ ಫಸ್ಟ್ ಬೇಸ್‌ಮನ್ ರೀಸ್ ಹಾಸ್ಕಿನ್ಸ್ ಮಂಡಿಯ ಅಸ್ಥಿರಜ್ಜು ಹರಿದುಕೊಂಡು ವರ್ಷಪೂರ್ತಿ ಕೂತರು. 2023ರ ಜುಲೈನಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಹಾರ್ಪರ್ ಮೊದಲ ಸಲ ಅಲ್ಲಿ ನಿಂತರು. ಆ ದಿನವೇ ಫೌಲ್ ಚೆಂಡೊಂದರ ಬೆನ್ನುಹತ್ತಿ ಕ್ಯಾಮೆರಾದವರ ಕಟಕಟೆಯೊಳಕ್ಕೆ ಉರುಳಿಬಿದ್ದು ಹಿಡಿದರು. 33 ಕೋಟಿ ಡಾಲರಿನ ಆಟಗಾರ, ಅದೂ ಆಪರೇಷನ್ ಆದ ಕೈ! ತಂಡದ ಆಡಳಿತದವರಿಗೆ ಎದೆ ಝಲ್ಲೆಂದಿರಬೇಕು. ಒಂದೇ ವರ್ಷದಲ್ಲಿ, 2024ರ ಗೋಲ್ಡ್ ಗ್ಲೌ ಪ್ರಶಸ್ತಿಯ ಅಂತಿಮ ಮೂವರಲ್ಲಿ ಅವರ ಹೆಸರಿತ್ತು. ಹೊರ ಮೈದಾನದ ತೋಳಿನ ಬಲ, ಚೆಂಡಿನ ಮೇಲೆ ಎರಗುವ ಹಸಿವು, ಎರಡೂ ಅವರ ಆಟದಲ್ಲಿ ಕಾಣುತ್ತವೆ. ನಿಧಾನ ಮಾತ್ರ ಇನ್ನೂ ಬರಬೇಕು. ಸೆಕೆಂಡ್ ಬೇಸ್‌ಮನ್ ಹಿಡಿಯಬೇಕಾದ ಚೆಂಡಿಗೂ ಇವರೇ ನುಗ್ಗಿ ಬೇಸನ್ನು ಬರಿದು ಮಾಡುವುದುಂಟು.

ಬ್ಯಾಟು ಹಿಡಿದರೆ ಮೂವರಲ್ಲಿ ಇವರೇ ಮೇಲು, ಅದರಲ್ಲಿ ಎರಡು ಮಾತಿಲ್ಲ. 8-5-3ರ ಆ ರಾತ್ರಿ ಬ್ರೇವ್ಸ್‌ನ ಒರ್ಲ್ಯಾಂಡೊ ಆರ್ಸಿಯಾ ಡ್ರೆಸಿಂಗ್ ರೂಮಿನಲ್ಲಿ ಹಾರ್ಪರ್ ಹೆಸರೆತ್ತಿ ಗೇಲಿ ಮಾಡಿ ನಕ್ಕ ಸುದ್ದಿ ಹೊರಬಂತು. ಎರಡು ದಿನ ಬಿಟ್ಟು ಹಾರ್ಪರ್ ಎರಡು ಹೋಮ್ ರನ್ ಹೊಡೆದು, ಬೇಸ್ ಸುತ್ತುತ್ತಾ ಆರ್ಸಿಯಾರನ್ನೇ ದಿಟ್ಟಿಸಿದರು. ಫಿಲೀಸ್ 10-2ರಿಂದ ಗೆದ್ದಿತು, ಸರಣಿಯನ್ನೂ ಗೆದ್ದಿತು.

ಆಲ್ಸನ್ ಅವರ ಹಣೆಬರಹ ಬೇರೆ ಥರದ್ದು. ಫ್ರೆಡ್ಡಿ ಫ್ರೀಮನ್ ಎಂಬ ಅಟ್ಲಾಂಟಾದ ಮನೆಮಗ 2021ರಲ್ಲಿ ಚಾಂಪಿಯನ್ ಪಟ್ಟ ಕೊಡಿಸಿದ ಮೇಲೆ ಒಪ್ಪಂದದ ಮಾತುಕತೆ ಮುರಿದುಬಿತ್ತು. 2022ರ ಮಾರ್ಚಿನಲ್ಲಿ ಬ್ರೇವ್ಸ್ ನಾಲ್ವರು ಎಳೆಯ ಆಟಗಾರರನ್ನು ಓಕ್ಲೆಂಡಿಗೆ ಕೊಟ್ಟು ಆಲ್ಸನ್‌ರನ್ನು ತಂದಿತು, ಮರುದಿನವೇ 8 ವರ್ಷಕ್ಕೆ 16.8 ಕೋಟಿ ಡಾಲರಿನ ಸಹಿ ಹಾಕಿಸಿತು. ಫ್ರೀಮನ್ ಡಾಜರ್ಸ್ ಸೇರಿ 2024ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯವನ್ನು ನಾಲ್ಕು ರನ್ನಿನ ಹೋಮ್ ರನ್ನಿನಿಂದ ಮುಗಿಸಿದಾಗ ಅಟ್ಲಾಂಟಾದವರು ಆಲ್ಸನ್ ಮುಖ ನೋಡಿದ್ದು ಸಹಜ. ಆ ವರ್ಷ ಆಲ್ಸನ್ ಸರಾಸರಿ .247ಕ್ಕೆ ಇಳಿದಿತ್ತು.

ಆದರೆ ಗ್ಲೌಸಿನ ಮಾತು ಬಂದರೆ ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಆರಡಿ ಐದಂಗುಲದ ದೇಹ, ಅಷ್ಟು ಉದ್ದದವರಿಗೆ ಅಪರೂಪವಾದ ಮೃದು ಕೈ, ನೆಲದ ಚೆಂಡಿಗೆ ಎರಡೂ ಬದಿ ಸರಿಯುವ ಸಲೀಸು. ಓಕ್ಲೆಂಡಿನಲ್ಲಿ 2018, 2019ರಲ್ಲಿ ಗೋಲ್ಡ್ ಗ್ಲೌ, 2025ರಲ್ಲಿ ಮತ್ತೆ. 2022ರಿಂದ 2025ರವರೆಗೆ ನಾಲ್ಕೂ ಸೀಸನ್ನಿನಲ್ಲಿ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಇದರ ಲಾಭ ಅವರ ಲೆಕ್ಕದಲ್ಲಿ ಕಾಣಿಸುವುದಿಲ್ಲ, ರೈಲಿಯ ಲೆಕ್ಕದಲ್ಲಿ, ಶಾರ್ಟ್‌ಸ್ಟಾಪಿನ ಲೆಕ್ಕದಲ್ಲಿ ಕಾಣಿಸುತ್ತದೆ. ಎಸೆದದ್ದು ಒಂದಡಿ ಆಚೆ ಹೋದರೂ ಆ ಮನುಷ್ಯ ಹಿಡಿಯುತ್ತಾನೆ ಎಂಬ ಧೈರ್ಯವಿದ್ದರೆ ಎಸೆಯುವವನು ಬಿಗಿಯಾಗುವುದಿಲ್ಲ. 2025ರಲ್ಲಿ ಬ್ರೇವ್ಸ್ 86 ಪಂದ್ಯ ಸೋತಿತು ಎಂಬುದನ್ನೂ ಹೇಳಿಬಿಡಬೇಕು. ಪಿಚರ್‌ಗಳು ಒಬ್ಬೊಬ್ಬರಾಗಿ ಗಾಯಗೊಂಡು ಕೂತರೆ ಫಸ್ಟ್ ಬೇಸಿನಲ್ಲಿ ಯಾರು ನಿಂತರೇನು?

ಒಂದೇ ರಾತ್ರಿಯ ಪಂದ್ಯಕ್ಕೆ ಆರಿಸು ಎಂದರೆ ನಾನು ಹಾರ್ಪರ್ ಎನ್ನುತ್ತೇನೆ. 162 ಪಂದ್ಯಕ್ಕಾದರೆ ಆಲ್ಸನ್, ಅದೂ ಹೆಚ್ಚು ಯೋಚಿಸದೆ. ಅಲೋನ್ಸೊ ಮೂರನೆಯವರು. ಮೆಟ್ಸ್ ಆಡಳಿತದ ಲೆಕ್ಕವೂ ಇದೇ ಇದ್ದಿರಬೇಕು: ರನ್ ತಡೆಯುವ ತಂಡ ಕಟ್ಟುತ್ತೇವೆ ಎಂದು 2025ರ ಡಿಸೆಂಬರಿನಲ್ಲಿ ಅಲೋನ್ಸೊ ಅವರನ್ನು ಬಿಟ್ಟುಕೊಟ್ಟರು, ಬಾಲ್ಟಿಮೋರ್ ಓರಿಯೋಲ್ಸ್ 5 ವರ್ಷಕ್ಕೆ 15.5 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು. ತರ್ಕ ಸರಿ. ಆದರೆ ಗ್ಲೌಸಿನಿಂದ ಉಳಿಸುವ ರನ್ನು ಒಂದೊಂದಾಗಿ ಬರುತ್ತದೆ; ಬ್ಯಾಟಿನಿಂದ ಹೋದ 38 ಹೋಮ್ ರನ್ ಒಂದೇ ಸಲಕ್ಕೆ ಹೋಗಿದೆ. ಅದನ್ನು ತುಂಬಿಕೊಡುವ ಇನ್ನೊಬ್ಬ ಫಸ್ಟ್ ಬೇಸ್‌ಮನ್‌ನನ್ನು ಕೈಯಲ್ಲಿಟ್ಟುಕೊಳ್ಳದೆ ಇವರನ್ನು ಕಳಿಸಿದ್ದು ಮಾತ್ರ ನನಗೆ ದುಡುಕು ಎನಿಸುತ್ತದೆ.